ಮೂರು ಠರಾವು, ಒಂದು ಲಾರಿ: ಭಟ್ಕಳದಿಂದ ಕುಮಟೆಗೆ

ಬುಧವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಭಟ್ಕಳ ರೈಲು ನಿಲ್ದಾಣದಲ್ಲಿ ಇಳಿದೆ. ನಿಲ್ದಾಣದ ಗಡಿಯಾರ ಎಂಟೂ ಹದಿನೆಂಟು ತೋರಿಸುತ್ತಿತ್ತು. ನನ್ನ ಕೈಗಡಿಯಾರವನ್ನು ಹಿಂದಿನ ರಾತ್ರಿಯಷ್ಟೇ ಸರಿಪಡಿಸಿದ್ದರಿಂದ ಅದನ್ನೇ ನಂಬಿದೆ. ಡಿಸೆಂಬರಿನ ಎಳೆಬಿಸಿಲು, ಹಿತವಾದ ಗಾಳಿ. ಊರೊಳಗೆ ಹೋಗಲು ಆಟೋದವನು ಎಂಬತ್ತು ರೂಪಾಯಿ ಕೇಳಿ ಎಪ್ಪತ್ತಕ್ಕೆ ಒಪ್ಪಿದ. ದಾರಿಯಲ್ಲಿ ಮಲ್ಲಿಗೆ ಮಾರುವವರು ಆಗಲೇ ಬುಟ್ಟಿ ಇಳಿಸಿ ಕೂತಿದ್ದರು.

ನಾನು ಬಂದದ್ದು ಒಂದೇ ಒಂದು ತಾರೀಖನ್ನು ಹುಡುಕಿಕೊಂಡು. ನಿವೃತ್ತನಾದ ಮೇಲೂ ಬಿಡದೆ ಬರೆಯುತ್ತಿರುವ ಪ್ರಬಂಧವೊಂದರ ವಿಷಯ, ಸ್ಥಳೀಯ ಸಂಸ್ಥೆಗಳು ಒಟ್ಟುಗೂಡಿ ಕೆಲಸ ಮಾಡಿದ ಬಗೆ. ಈ ಜಿಲ್ಲೆ ಮದರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿದ 1862ರಿಂದ ಅದು ತೊಡಗುತ್ತದೆ. ಕೊನೆಯ ಅಧ್ಯಾಯಕ್ಕೆ ಇಂದಿನ ಉದಾಹರಣೆಯೊಂದು ಬೇಕಿತ್ತು. ಭಟ್ಕಳ, ಹೊನ್ನಾವರ, ಕುಮಟೆ ತಾಲೂಕುಗಳ ಒಂದೊಂದು ಗ್ರಾಮ ಪಂಚಾಯಿತಿ ಸೇರಿ ಒಣಕಸಕ್ಕೆ ಒಂದೇ ಲಾರಿ, ಅದನ್ನು ಒತ್ತಿ ಮೂಟೆ ಕಟ್ಟಲು ಒಂದೇ ಒತ್ತುಯಂತ್ರ, ಒಂದೇ ವೇಳಾಪಟ್ಟಿ ಮಾಡಿಕೊಂಡಿವೆ ಎಂದು ಮಿತ್ರರೊಬ್ಬರು ಪತ್ರ ಬರೆದಿದ್ದರು. ಆ ಸಹಕಾರ ಯಾವ ದಿನ ಆರಂಭವಾಯಿತು ಎಂಬುದನ್ನು ಮಾತ್ರ ಅವರು ಬರೆದಿರಲಿಲ್ಲ. ತಾರೀಖಿಲ್ಲದ ಸಂಗತಿಯನ್ನು ಅಚ್ಚಿಗೆ ಕೊಡುವುದು ನನ್ನಿಂದಾಗದು. ಮೂರು ಪಂಚಾಯಿತಿಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾಲೂಕಿನ ಹೆಸರಿನಿಂದಲೇ ಕರೆಯುತ್ತೇನೆ.

ಭಟ್ಕಳದ ಕಡೆಯ ಪಂಚಾಯಿತಿಯ ಅಧ್ಯಕ್ಷರು ಇಸ್ಮಾಯಿಲ್ ಸಾಹೇಬರು. ಒಳಗಿನ ಕೋಣೆಯವರೊಡನೆ ತಮ್ಮ ನವಾಯತಿ ಮಾತಿನಲ್ಲಿ ಏನೋ ಹೇಳಿ ನಗಿಸಿ, ನನ್ನತ್ತ ತಿರುಗಿ ಕುರ್ಚಿ ಎಳೆದುಕೊಟ್ಟರು.

"ಸಹಕಾರ ಶುರುವಾದ ತಾರೀಖು ಕೇಳ್ತೀರಲ್ಲ ಮಾಸ್ತರೆ, ಲಾರಿ ಓಡ್ಲಿಕ್ಕೆ ಹತ್ತಿ ಮೂರು ತಿಂಗಳಾಗ್ತಾ ಬಂತು. ಆದ್ರೆ ಕಾಗದದ ಮೇಲೆ ಶುರುವಾಗಿಲ್ಲ. ನಮ್ಮ ಠರಾವು ಆತು, ಸಹಿ ಆತು. ಹೊನ್ನಾವರದವ್ರ ಕಾಗದ ಬರ್ಬೇಕು, ಅಷ್ಟೆ."

ನಿರ್ಣಯಕ್ಕೆ ಮುಂಬಯಿ ಕಾಲದ 'ಠರಾವು' ಎಂಬ ಶಬ್ದ ಇಲ್ಲಿ ಇನ್ನೂ ಬಾಯಲ್ಲಿ ಉಳಿದಿರುವುದನ್ನು ಕೇಳಿ ಸಂತೋಷವಾಯಿತು. ನಡವಳಿ ಪುಸ್ತಕ ತರಿಸಿ ತೋರಿಸಿದರು. ಜಂಟಿ ಯೋಜನೆಗೆ ಒಪ್ಪಿಗೆ ಸೂಚಿಸಿದ ಮೇಲೆ ಕೊನೆಯಲ್ಲಿ ಒಂದು ಸಾಲು: ಹೊನ್ನಾವರದ ಕಡೆಯ ಪಂಚಾಯಿತಿಯ ಠರಾವಿನ ದೃಢೀಕೃತ ಪ್ರತಿ ಈ ಕಚೇರಿಗೆ ತಲುಪಿದ ದಿನದಿಂದ ಇದು ಜಾರಿಗೆ ಬರತಕ್ಕದ್ದು. ಅಕ್ಷರಶಃ ಬರೆದುಕೊಂಡೆ.

"ಈ ಸಾಲು ಏಕೆ?" ಎಂದೆ.

"ದೊಡ್ಡ ಪೇಟೆ ನಮ್ಮ ಮಗ್ಗುಲಲ್ಲೇ ಇದೆ. ನಾವೇ ಮೊದಲು ಜಾರಿ ಮಾಡಿದ್ರೆ, ಭಟ್ಕಳದವ್ರು ತಮ್ಮ ರಟ್ಟಿನ ಪೆಟ್ಟಿಗೆ ಎಲ್ಲಾ ನಮ್ಮ ತಲೆಗೆ ಕಟ್ಟಿದ್ರು ಅಂತ ಆಚೆಯವ್ರು ಆಡ್ಕೊಳ್ತಾರೆ. ಮರ್ಯಾದೆ ಪ್ರಶ್ನೆ." ಆಮೇಲೆ ಅವರ ದನಿ ತಗ್ಗಿತು. "ಮೇಲಿನ ಕಚೇರಿಯವ್ರು ಪ್ರಯೋಗಕ್ಕೆ ಕೊಟ್ಟ ಲಾರಿ. ಶನಿವಾರಕ್ಕೆ ಅವಧಿ ಮುಗೀತದೆ. ಅಷ್ಟರೊಳಗೆ ಮೂರೂ ಠರಾವು ಜಾರಿ ಆಗಿದೆ ಅಂತ ಪತ್ರ ಹೋಗದಿದ್ರೆ ಲಾರಿ ವಾಪಸ್. ಲಾರಿ ಓಡ್ಸುವ ಆ ಮಾದೇವಿ ಮುಖ ನೋಡ್ಲಿಕ್ಕೆ ನಂಗೆ ಆಗುದಿಲ್ಲ."

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ನನಗಾಗಿ ತರಕಾರಿ ಹಾಕಿ ಮಾಡಿದ ಶಾವಿಗೆಯ ಬಿರಿಯಾನಿಯನ್ನು ನಾನು ಮೊದಲ ಸಲ ತಿಂದೆ. ಎರಡನೆಯ ಸಲ ಬಡಿಸಿದಾಗಲೂ ಬೇಡವೆನ್ನಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಶಿರಾಲಿಯ ಹೆದ್ದಾರಿ ಬದಿಯಲ್ಲಿ ಆ ಮಾದೇವಿಯವರ ಲಾರಿ ನಿಂತಿತ್ತು. ನಲವತ್ತು ದಾಟಿದ ಹೆಂಗಸು. ಖಾಕಿ ಅಂಗಿಯ ಮೇಲೆ ಸೆರಗು ಬಿಗಿದು ಸಿಕ್ಕಿಸಿದ್ದರು. ಮೊದಲು ತಮ್ಮೂರ ಪಂಚಾಯಿತಿಯ ಚಿಕ್ಕ ಕಸದ ಗಾಡಿ ಓಡಿಸುತ್ತಿದ್ದವರು, ದೊಡ್ಡ ಗಾಡಿಯ ಪರವಾನಗಿಯನ್ನು ಎರಡನೆಯ ಪರೀಕ್ಷೆಯಲ್ಲಿ ಪಡೆದವರು.

"ಹತ್ತಿ ಮಾಸ್ತರೆ, ಬಾಗಿಲು ಗಟ್ಟಿ ಎಳ್ಕಣಿ. ಅದು ನನ್ನ ಗಂಡನ ಹಾಗೆ, ಎರಡು ಸಲ ಹೇಳ್ದೆ ಕೇಳುದಿಲ್ಲ."

ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟು ಬೇಕಿಲ್ಲದಿರುವಾಗ ಲಾರಿಯ ಗೊಡವೆ ಏಕೆಂದು ತಮಾಷೆಗೆ ಕೇಳಿದೆ. (ಆ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು; ಅವರು ಜುಲೈ ಎಂದರು, ತಿದ್ದಿದೆ.)

"ಬಸ್ಸಲ್ಲಿ ಬೇರೆಯವ್ರು ಕರ್ಕಂಡು ಹೋಗುದು. ಇಲ್ಲಿ ನಾ ಕರ್ಕಂಡು ಹೋಗುದು," ಎಂದು ಗೇರು ಬದಲಿಸಿದರು. ಮುರ್ಡೇಶ್ವರದ ತಿರುವು ದಾಟಿದ ಮೇಲೆ ತಾವೇ ಮಾತು ತೆಗೆದರು. "ಶನಿವಾರ ಇದನ್ನ ಕೊಟ್ಟು ಬರ್ಬೇಕಂತೆ. ಚಿಕ್ಕ ಗಾಡಿಗೆ ಈಗ ಬೇರೆಯವ್ಳು ಬಂದ್ಲು. ಅವ್ಳನ್ನ ಏಳ್ಸಿ ನಾ ಕೂರುದು ಎಂತಕ್ಕೆ? ಕೂರುದಿಲ್ಲ."

ಭಟ್ಕಳದಿಂದ ಹೊನ್ನಾವರಕ್ಕೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಶರಾವತಿಯ ಸೇತುವೆಯ ಮೇಲೆ ಬಂದಾಗ ನೀರು ತುಂಬಿ ನಿಂತಿತ್ತು. ದೋಣಿಯವರು ಕೈಬೀಸಿದರು, ಮಾದೇವಿ ಹಾರ್ನನ್ನು ಎರಡು ಬಾರಿ ಒತ್ತಿದರು. ಅದು ದಿನನಿತ್ಯದ ರೂಢಿಯಂತೆ.

ಒತ್ತುಯಂತ್ರದ ಶೆಡ್ಡು ಇರುವುದು ಹೊನ್ನಾವರದ ಕಡೆಯ ಪಂಚಾಯಿತಿಯಲ್ಲಿ. ಅಲ್ಲಿಯ ಕಾರ್ಯದರ್ಶಿ ಗಣಪತಿಯವರು ನನಗೆ ಇಡೀ ಯೋಜನೆಯನ್ನು ಗೋಡೆಯ ನಕ್ಷೆಯ ಮೇಲೆ ತೋರಿಸಿದರು. ಸೋಮ, ಗುರು ಭಟ್ಕಳದ ಪಾಳಿ. ಮಂಗಳ, ಶುಕ್ರ ಕುಮಟೆಯದು. ಬುಧವಾರ ಸ್ವಂತ ಊರಿನದು. ಭಟ್ಕಳದಿಂದ ಬರುವುದರಲ್ಲಿ ರಟ್ಟು ಹೆಚ್ಚು, ಇಲ್ಲಿಯದರಲ್ಲಿ ಬಾಟಲಿ, ಕುಮಟೆಯದರಲ್ಲಿ ಹರಿದ ಬಲೆ ಮತ್ತು ಸಿಗಡಿಯ ಆಹಾರದ ಚೀಲ. ಒಂದು ಊರಿನ ಕಸ ಯಂತ್ರಕ್ಕೆ ಅರ್ಧ ದಿನದ ಕೆಲಸವೂ ಅಲ್ಲ. ಮೂರೂ ಸೇರಿದರೆ ವಾರ ತುಂಬುತ್ತದೆ. ಒತ್ತಿ ಕಟ್ಟಿದ ಮೂಟೆಗಳನ್ನು ಗೋಡೆಯುದ್ದಕ್ಕೂ ಪೇರಿಸಿದ್ದರು. ಗ್ರಂಥಾಲಯವೊಂದರಲ್ಲಿ ನಿಂತಷ್ಟೇ ನನಗೆ ಸಮಾಧಾನವಾಯಿತು.

"ಠರಾವು?" ಎಂದೆ.

"ಠರಾವು ಆಯ್ದು, ಸಹಿಯೂ ಆಯ್ದು. ಕುಮಟೆಯವರ ಪ್ರತಿ ಬಂದಕೂಡಲೆ ಜಾರಿ," ಎಂದ ಗಣಪತಿಯವರು, "ಯಂತ್ರ ನಮ್ಮಲ್ಲೇ ಇದ್ದು ನೋಡಿ. ನಾವು ಮೊದಲು ಜಾರಿ ಮಾಡಿಬಿಟ್ರೆ, ಅವರು ಒಪ್ಪೋದರ ಒಳಗೇ ಅವರ ಕಸ ನಮ್ಮ ಅಂಗಳಕ್ಕೆ ಬಂದಿರ್ತು," ಎಂದರು.

ಪುಸ್ತಕ ನೋಡಿದೆ. ಅದೇ ಬಗೆಯ ಕೊನೆಯ ಸಾಲು. ಊರಿನ ಹೆಸರು ಮಾತ್ರ ಬೇರೆ. ಭಟ್ಕಳದ ಸಾಲಿನ ಕೆಳಗೆ ಇದನ್ನೂ ಬರೆದುಕೊಂಡೆ. ಪೇಟೆಯಲ್ಲಿ ಎರಡು ಬನ್ಸು ತಿಂದು, ಮುರುಗಲ ಪಾನಕ ಕುಡಿದು, ಸಿಕ್ಕ ಮೊದಲ ಬಸ್ಸಿನಲ್ಲಿ ಇಪ್ಪತ್ತು ಕಿಲೋಮೀಟರು ಆಚೆಯ ಕುಮಟೆಗೆ ಹೊರಟೆ.

ಕುಮಟೆಯ ಕಡೆಯ ಪಂಚಾಯಿತಿಯ ಅಧ್ಯಕ್ಷೆ ಸಾವಿತ್ರಕ್ಕ. ಕಾಗಾಲದ ದಾರಿಯಲ್ಲಿ ಅವರ ಗದ್ದೆ; ಕೊಯ್ಲು ಮುಗಿಸಿ ಆಗಷ್ಟೇ ಕಚೇರಿಗೆ ಬಂದಿದ್ದರು. ಸೀರೆಯ ಅಂಚಿನಲ್ಲಿ ಹುಲ್ಲು ಅಂಟಿತ್ತು. ನಾನು ಕೇಳುವ ಮೊದಲೇ ಹೇಳಿದರು: "ಭಟ್ಕಳದವ್ರು ಕಾಗದ ಕಳ್ಸಿದ್ರೆ ನಮ್ದು ಈಗ್ಲೇ ಜಾರಿ. ನಾವು ದಾರಿಯ ತುದಿಯವ್ರು. ಲಾರಿ ಅಲ್ಲೇ ತುಂಬ್ಕಂಡ್ರೆ ನಮ್ಗೆ ಎಂತ ಉಳೀತು?"

ನನ್ನ ಟಿಪ್ಪಣಿಪುಸ್ತಕದಲ್ಲಿ ಮೂರು ಊರುಗಳನ್ನು ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದೆ. ಭಟ್ಕಳ ಹೊನ್ನಾವರವನ್ನು ಕಾಯುತ್ತಿದೆ, ಹೊನ್ನಾವರ ಕುಮಟೆಯನ್ನು, ಕುಮಟೆ ಭಟ್ಕಳವನ್ನು. ಮೂರೂ ಠರಾವು ನ್ಯಾಯಬದ್ಧ, ಮೂರಕ್ಕೂ ಸಹಿ, ಮೊಹರು. ಮೂರೂ ಗಾಢ ನಿದ್ದೆಯಲ್ಲಿ. ಜಾರಿಯಾಗದ ಠರಾವಿನ ದೃಢೀಕೃತ ಪ್ರತಿಯನ್ನು ಹೊರಗೆ ಕೊಡುವುದು ಹೇಗೆಂದು ಮೂರು ಕಚೇರಿಗಳೂ ಬಿಗಿಯಾಗಿ ಹಿಡಿದಿಟ್ಟುಕೊಂಡಿದ್ದವು. ನಾನು ಹುಡುಕುತ್ತಿದ್ದ ತಾರೀಖು ಇರಲೇ ಇಲ್ಲ!

ಸಾವಿತ್ರಕ್ಕ ಬಾಣಗಳನ್ನು ಬೆರಳಿನಿಂದ ಒಂದು ಸುತ್ತು, ಎರಡು ಸುತ್ತು ತಿರುಗಿಸಿದರು. ಆಮೇಲೆ ನಗತೊಡಗಿದವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅಯ್ಯೋ ದೇವ್ರೆ! ಆ ಸಾಹೇಬ್ರನ್ನ ನಾ ಎಷ್ಟು ಬೈದಿದ್ದೆ!"

ಆಗಲೇ ಫೋನು ಹಚ್ಚಿ, ಧ್ವನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟರು. ಸಂಗತಿ ತಿಳಿದ ಇಸ್ಮಾಯಿಲ್ ಸಾಹೇಬರು, "ಹಾಗಾದ್ರೆ ನೀವು ಮೊದಲು ಕೊಡಿ ಸಾವಿತ್ರಕ್ಕ," ಎಂದರು.

"ನಾ ಎಂತಕ್ಕೆ? ನೀವು ದೊಡ್ಡವ್ರು, ನೀವು ಕೊಡಿ."

"ದೊಡ್ಡವ್ರು ಅಂತ ಈಗ ನೆನಪಾತಾ?"

ಇದು ಹೀಗೆಯೇ ಸಾಗಿದರೆ ಶನಿವಾರ ಬಂದುಬಿಡುತ್ತದೆ. ನಾನು ನಡುವೆ ಬಾಯಿ ಹಾಕಿದೆ. ಠರಾವನ್ನು ತಿದ್ದಬೇಕಿಲ್ಲ, ಹೊಸ ಸಭೆ ಕರೆಯಬೇಕಿಲ್ಲ. ಪ್ರತಿ ತಲುಪಿದರೆ ಸಾಕೆಂದು ಬರೆದಿದೆ. ಮೂವರೂ ಒಂದೇ ಕಡೆ ನಿಂತು ಒಂದೇ ಗಳಿಗೆಯಲ್ಲಿ ಕೈ ಬದಲಿಸಿದರೆ ಮೊದಲು, ಆಮೇಲೆ ಎಂಬುದೇ ಇರುವುದಿಲ್ಲ ಎಂದೆ. ಫೋನಿನಿಂದ ಬಂದ ಉತ್ತರ ಚುಟುಕಾಗಿತ್ತು: "ನಾಳೆ ಹನ್ನೊಂದಕ್ಕೆ. ಶೆಡ್ಡಲ್ಲಿ." ಗಣಪತಿಯವರಿಗೂ ಸಾವಿತ್ರಕ್ಕನೇ ಫೋನು ಮಾಡಿ ಹೇಳಿದರು.

ಶುಕ್ರವಾರ ಮಾದೇವಿಯವರ ಲಾರಿ ಕುಮಟೆಗೆ ಬಂದು ಬಲೆ, ಚೀಲ ತುಂಬಿಕೊಂಡಿತು. ಮುಂದಿನ ಸೀಟಿನಲ್ಲಿ ನಾವು ಮೂವರು. ಕಚೇರಿಯ ಮೊಹರು ಹೊರಗೆ ಒಯ್ಯುವಾಗ ಎಲ್ಲಿಯೂ ಬೀಳಬಾರದೆಂದು ಸಾವಿತ್ರಕ್ಕ ಅದನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿ ಇಟ್ಟು ಮಡಿಲಲ್ಲಿ ಹಿಡಿದಿದ್ದರು. ನಿನ್ನೆಯ ವಿಷಯವನ್ನು ಅವರಿಂದ ಕೇಳಿದ ಮಾದೇವಿ ನಗಲಿಲ್ಲ. "ಅಕ್ಕ, ಮೂರು ತಿಂಗಳಿಂದ ನಾ ಮೂರೂ ಕಚೇರಿ ಬಾಗ್ಲಿಗೆ ಹೋಗಿ ಬಂದೆ. ಒಂದು ಲಕೋಟೆ ನನ್ ಕೈಗೆ ಕೊಟ್ಟಿದ್ರೆ ಆಗ್ತಿತ್ತಲ್ದಾ?" ಎಂದರು. ಸಾವಿತ್ರಕ್ಕ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ನೋಡಿದರು.

ಶೆಡ್ಡಿನಲ್ಲಿ ಗಣಪತಿಯವರು ಮೇಜು ಹಾಕಿಸಿ ಕಾದಿದ್ದರು. ಹೆಂಡತಿಗೆ ಫೋನಿನಲ್ಲಿ, "ಇವತ್ತು ಊಟಕ್ಕೆ ಬತ್ನಿಲ್ಲೆ, ದೊಡ್ಡ ಕೆಲಸ ಇದ್ದು," ಎನ್ನುತ್ತಿದ್ದರು. ಇಸ್ಮಾಯಿಲ್ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ಯಂತ್ರ ನಿಲ್ಲಿಸಿ ಕೆಲಸದ ಹೆಂಗಸರೂ ಸುತ್ತ ನೆರೆದರು.

ಮೂವರೂ ದುಂಡಗೆ ನಿಂತರು. ನಾನು ಮೂರೆಣಿಸಿದೆ. ಬಲಗೈಗಳು ಮುಂದೆ ಬಂದವು, ಎಡಗೈಗಳು ಪಕ್ಕದವರ ಕಾಗದ ಹಿಡಿದವು. ಆದರೆ ಯಾರೂ ತಮ್ಮದನ್ನು ಬಿಡಲಿಲ್ಲ. ಪಕ್ಕದವರದು ಕೈಗೆ ಪೂರ್ತಿ ಬರಲಿ ಎಂದು ಮೂವರೂ ಕಾದರು. ಮೂರು ಹಾಳೆಗಳು ಬಿಗಿಯಾಗಿ ನಿಂತವು. ಸಾಹೇಬರ ಹಾಳೆಯ ಅಂಚು ಚರ್ ಎಂದು ಒಂದಂಗುಲ ಹರಿಯಿತು.

"ಬಿಡಿ ಮಾರಾಯ್ರೆ!" ಮಾದೇವಿಯವರ ದನಿ ತಗಡಿನ ಮಾಡಿಗೆ ಬಡಿದು ಬಂತು. "ಹಗ್ಗ ಜಗ್ಗುದಾ ಇದು? ಬಿಡಿ!"

ಮೂವರೂ ಒಟ್ಟಿಗೇ ಬಿಟ್ಟರು. ಸುತ್ತಲೂ ನಗು ಎದ್ದಿತು. ಸಾವಿತ್ರಕ್ಕ ತಮ್ಮ ಕೈಯ ಭಟ್ಕಳದ ಪ್ರತಿಯ ಹರಿದ ಅಂಚನ್ನು ನೇವರಿಸಿ, "ಸಾಹೇಬ್ರೆ, ನಿಮ್ಮ ಕಿವಿ ಹರಿದ ಠರಾವು ನಮ್ಗೆ ಬಂತು," ಎಂದರು.

"ಪೂರ್ತಿ ಕೊಟ್ಟಿದ್ರೆ ನೀವು ಬಿಡ್ತಿರ್ಲಿಲ್ಲ," ಎಂದರು ಸಾಹೇಬರು.

ಒಂದೇ ಇಂಕುಪ್ಯಾಡಿನಲ್ಲಿ ಮೂರು ಮೊಹರು ಬಿದ್ದವು. ಸಮಯ ಬರೆಯಬೇಕಾದಾಗ ಮೂರು ಗಡಿಯಾರಗಳು ಮೂರು ಹೇಳಿದವು. ಎಲ್ಲರೂ ನನ್ನ ಕಡೆ ನೋಡಿದರು. ಹನ್ನೊಂದೂ ಇಪ್ಪತ್ತಾರು ಎಂದೆ. ನಲವತ್ತು ವರ್ಷ ಇತರರು ಬರೆದ ತಾರೀಖುಗಳನ್ನು ಪರೀಕ್ಷಿಸಿದ ನಾನು, ಒಂದು ತಾರೀಖು ಹುಟ್ಟುವಾಗ ಹತ್ತಿರ ನಿಂತದ್ದು ಇದೇ ಮೊದಲು. ಆದರೂ ಮೂರು ಪುಸ್ತಕಗಳನ್ನೂ ಒಂದಕ್ಕೊಂದು ತಾಳೆ ನೋಡಿಯೇ ಬರೆದುಕೊಂಡೆ.

ಗಣಪತಿಯವರು ಪತ್ರ ಬರೆದು ಮೇಲಿನ ಕಚೇರಿಗೆ ಕಳಿಸಿದರು. ಅದರ ಚಿತ್ರವನ್ನು ಮೊಬೈಲಿನಲ್ಲೂ ಕಳಿಸಿದರು. ಉತ್ತರ ಬರುವವರೆಗೆ ಊಟ: ಗಂಜಿ, ಒಣಮೀನಿನ ಚಟ್ನಿ, ನನಗೆ ಮಾವಿನ ಉಪ್ಪಿನಕಾಯಿ. ಮಾದೇವಿ ಒಂದು ತುತ್ತೂ ಉಣ್ಣದೆ ಲಾರಿಯ ಚಕ್ರಗಳನ್ನು ನಾಲ್ಕು ಬಾರಿ ನೋಡಿ ಬಂದರು. ಮೂರೂ ಕಾಲಿಗೆ ಗಣಪತಿಯವರ ಮೊಬೈಲು ಸದ್ದು ಮಾಡಿತು. ಅವರು ಓದಿ, ಕನ್ನಡಕ ತೆಗೆದು, ಮತ್ತೆ ಓದಿದರು. ಆಮೇಲೆ ಮಾದೇವಿಯವರ ಕೈಗೇ ಮೊಬೈಲು ಕೊಟ್ಟರು. ಲಾರಿ ಇಲ್ಲೇ ಮುಂದುವರಿಯಲಿ ಎಂದಿತ್ತು.

"ಆತು," ಎಂದರು ಮಾದೇವಿ. ಅಷ್ಟೆ. ಆಮೇಲೆ ಗಂಜಿಯ ಬಟ್ಟಲು ಎಳೆದುಕೊಂಡು ಕೂತರು. ಮೂರು ಸಲ ಬಡಿಸಿಕೊಂಡರು.

ಶನಿವಾರ ಬೆಳಿಗ್ಗೆ ನಾನು ಹೊನ್ನಾವರದಿಂದ ಹೊರಡುವ ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆ. ರಸ್ತೆಯ ಆಚೆ ಬದಿ ಲಾರಿ ನಿಂತಿತ್ತು. ಮುಂದಿನ ಗಾಜಿಗೆ 'ಪ್ರಯೋಗಾರ್ಥ' ಎಂದು ಅಂಟಿಸಿದ್ದ ಕಾಗದವನ್ನು ಮಾದೇವಿ ಬಂಪರಿನ ಮೇಲೆ ಹತ್ತಿ ನಿಂತು ಚಮಚದಿಂದ ಕೆರೆಯುತ್ತಿದ್ದರು. ಅಂಟು ಗಟ್ಟಿಯಾಗಿತ್ತು, ನೀರು ಚಿಮುಕಿಸಿ ಮತ್ತೆ ಕೆರೆದರು. ನಾನು ಕಿಟಕಿಯಿಂದ ಕೈಯೆತ್ತಿದೆ.

"ಅರ್ಧ ಹೋತು ಮಾಸ್ತರೆ!" ಎಂದು ಅಲ್ಲಿಂದಲೇ ಕೂಗಿದರು. "ಉಳಿದದ್ದು ಸೋಮವಾರ. ಗಾಡಿ ಎಲ್ಲಿ ಹೋಗ್ತದೆ!"

ಬಸ್ಸು ಹೊರಟಿತು. ತಿರುವಿನವರೆಗೂ ಹಿಂದೆ ನೋಡಿದೆ. ಅವರು ಇನ್ನೂ ಬಂಪರಿನ ಮೇಲೆಯೇ ಇದ್ದರು, ಗಾಜಿಗೆ ಮುಖ ಹಚ್ಚಿ, ಅವಸರವಿಲ್ಲದೆ ಕೆರೆಯುತ್ತ.