ಹುಲ್ಲುಹಾಸಿನಡಿಯ ಸಬ್ಜಾ

ಬಾಗಲಕೋಟೆಯ ಕಡೆ ಯಾರಾದರೂ ತೋಟದ ನಕ್ಷೆ ಮಾಡಿಸಬೇಕೆಂದರೆ ನಾಹಿದಾಳ ಹೆಸರು ಬಂದೇ ಬರುತ್ತದೆ. ಜೊತೆಗೆ ಇನ್ನೊಂದು ಮಾತೂ ಬರುತ್ತದೆ: "ಕೆಲಸಾ ಛಲೋ ಮಾಡ್ತಾಳ್ರಿ, ಆದ್ರ ಮಳಿ ಬೀಳೂತನಕಾ ಪೆನ್ಸಿಲ್ ಮುಟ್ಟಂಗಿಲ್ಲ." ಖರೆ ಮಾತು. ಬೇಸಿಗೆಯಲ್ಲಿ ಕರೆದರೆ ಬರುತ್ತಾಳೆ, ಜಾಗ ನೋಡುತ್ತಾಳೆ, ಕೊಟ್ಟ ಚಹಾ ಕುಡಿಯುತ್ತಾಳೆ. ನಕ್ಷೆ ಮಾತ್ರ ಎರಡು ಮಳೆಯಾಗಿ, ನೆಲದಿಂದ ಏನೇನು ಏಳಬೇಕೋ ಅದೆಲ್ಲ ಎದ್ದ ಮೇಲೆ. ವಿದ್ಯಾಗಿರಿಯ ಪ್ರೊಫೆಸರರೊಬ್ಬರು ಬೇಸತ್ತು, "ಏನವಾ, ನಮ್ಮ ಹಿತ್ತಲದಾಗ ನಿಧಿ ಹುಡುಕಾಕತ್ತೀಯೇನ?" ಎಂದು ಕೇಳಿಯೇ ಬಿಟ್ಟರು. ಅವಳು ನಕ್ಕು ಲೋಟ ಕೆಳಗಿಟ್ಟಳು. ಅಂಥ ಕಾರಣವನ್ನು ಚಹಾ ಕುಡಿಯುತ್ತ ಹೇಳಲಿಕ್ಕೆ ಆಗುತ್ತದೆಯೇ?

ಅವಳ ಅಪ್ಪ ಅಶ್ಫಾಕ ಇಳಕಲ್ಲಿನ ಕಲ್ಲಿನ ಗಣಿಯಲ್ಲಿ ಮೇಲ್ವಿಚಾರಕ. ಮಗಳು ಆರ್ಕಿಟೆಕ್ಟ್ ಆಗುತ್ತೇನೆಂದಾಗ ಬೀದಿಗೆಲ್ಲ ಪೇಡೆ ಹಂಚಿದ. ಆ ಓದು ಮುಗಿದ ಮೇಲೆ ಕಟ್ಟಡ ಬಿಟ್ಟು ಕಟ್ಟಡದ ಹೊರಗಿನ ನೆಲ, ನೀರು, ಗಿಡಮರದ ವಿನ್ಯಾಸವನ್ನೇ ಮತ್ತೆರಡು ವರ್ಷ ಓದುತ್ತೇನೆಂದಾಗ ಬೀಗರು ಬಿಜ್ಜರೆಲ್ಲ, "ಮಾಲಿ ಕೆಲಸಕ್ಕ ಇಷ್ಟ್ಯಾಕ ಓದಬೇಕವಾ?" ಎಂದು ನಗಾಡಿದರು. ಓದಿ ಬಂದವಳಿಗೆ ಮೂರು ವರ್ಷ ಸಿಕ್ಕಿದ್ದೆಲ್ಲ ಬಾಲ್ಕನಿಯ ಕುಂಡಗಳು. ನಗಾಡಿದವರ ಬಾಯಿ ಮುಚ್ಚಿಸುವ ಒಂದು ದೊಡ್ಡ ಕೆಲಸಕ್ಕೆ ಅವಳು ಹಪಹಪಿಸುತ್ತಿದ್ದಳು.

ಆಗ ಬಂದವರು ಕೃಷ್ಣಾಜಿ. ಬ್ಯಾಂಕಿನಿಂದ ನಿವೃತ್ತರಾಗಿ ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಹಾದಿಯಲ್ಲಿ ಹೊಲ ಕೊಂಡು ಹೋಟೆಲು ಕಟ್ಟಿಸುತ್ತಿದ್ದರು. ಅದರ ಮುಂದೆ ಮದುವೆಗಳಿಗೆಂದು ಎರಡು ಎಕರೆ ಹುಲ್ಲುಹಾಸು. "ದೀಪಾವಳಿ ಆದಕೂಡ್ಲೆ ಮೊದಲ್ನೇ ಮದುವಿ ಬುಕ್ ಆಗೇದ. ತಡಾ ಮಾಡಬ್ಯಾಡವಾ," ಎಂದರು.

ಮೇ ತಿಂಗಳ ಬಿಸಿಲಲ್ಲಿ ನಾಹಿದಾ ಟೇಪು ಹಿಡಿದು ಜಾಗ ಅಳೆದಳು. ಒಂದು ಬೇವಿನ ಮರ, ಅದರ ಬುಡದಲ್ಲಿ ಮೂರು ಕಲ್ಲು, ಕಲ್ಲುಗಳ ನಡುವೆ ಏಳೆಂಟು ಒಣಗಿದ ಕಡ್ಡಿ. ಒಂದು ಕಡ್ಡಿಯ ತೆನೆ ಕಿತ್ತು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದಳು. ಸಬ್ಜಾ. ಕಾಮಕಸ್ತೂರಿ ಅನ್ನುತ್ತಾರಲ್ಲ, ಅದೇ. ಇಳಕಲ್ಲಿನಲ್ಲಿ ಅವಳ ಅಜ್ಜಿಯ ಗೋರಿಯ ಮೇಲೆ ಅಪ್ಪ ಪ್ರತಿ ವರ್ಷ ಹಾಕುವುದೂ ಇದನ್ನೇ. ಅವರ ಮಂದಿಯಲ್ಲಿ ಸಣ್ಣ ಹುಡುಗರಿಗೂ ಗೊತ್ತು, ಸಬ್ಜಾ ಎಲ್ಲಿ ಹಾಕುತ್ತಾರೆಂದು. ಕಡ್ಡಿಗಳಿದ್ದ ಜಾಗ ಒಂದು ಮಾರೂ ಉದ್ದವಿರಲಿಲ್ಲ. ಅಷ್ಟು ಚಿಕ್ಕ ಗೋರಿ ಮಗುವಿನದೆಂದು ತಿಳಿಯಲು ಓದು ಬೇಕಿರಲಿಲ್ಲ.

ಹೇಳಿದರೆ ಕೆಲಸ ನಿಲ್ಲುತ್ತದೆ. ಪಂಚಾಯ್ತಿ, ತಹಶೀಲ್ದಾರ, ತಕರಾರು. ಹುಲ್ಲುಹಾಸು ಇನ್ನೊಬ್ಬರ ಪಾಲು. ನಾಹಿದಾ ಮೂಡಣ ಗಡಿಗಲ್ಲಿನಿಂದ ಅಳತೆ ಹಿಡಿದು ಹಾಳೆಯ ಮೇಲೆ ಗುರುತು ಹಾಕಿದಳು: ಹನ್ನೊಂದು ಮೀಟರ್. ಪಕ್ಕದಲ್ಲಿ ಬರೆದಳು, 'ಕಳೆ. ತೆಗೆಯುವುದು.' ಮರುವಾರ ಜೇಸಿಬಿ ಬಂತು. ಬೇವೂ ಹೋಯಿತು, ಕಲ್ಲೂ ಹೋದವು.

ಸಬ್ಜಾ ಹೋಗಲಿಲ್ಲ. ಮೊದಲ ಮಳೆಗೆ ಹೊಸ ಹುಲ್ಲಿನ ನಡುವೆ ತಲೆ ಎತ್ತಿತು. ಹುಲ್ಲು ನೋಡಿಕೊಳ್ಳುವ ಚಂದವ್ವ, "ಅಕ್ಕಾರ, ಕಿತ್ತಷ್ಟೂ ಅಲ್ಲೇ ಬರ್ತೈತ್ರಿ. ಬ್ಯಾರೆ ಕಡೆ ಒಂದ್ ಕಡ್ಡೀನೂ ಇಲ್ಲ," ಎಂದಳು. "ಮಷೀನ್ ಹೊಡಿ," ಅಂದಳು ನಾಹಿದಾ. ಹುಲ್ಲು ಕತ್ತರಿಸುವ ಮಷೀನು ಹೊಡೆದಾಗೆಲ್ಲ ವಾಸನೆ ಇಡೀ ಹೋಟೆಲಿಗೆ ಹಬ್ಬುತ್ತಿತ್ತು. ಮದುವೆಗೆ ಬಂದವರು ಘಮಘಮ ಅನ್ನುತ್ತಿದ್ದರು. ಅವಳಿಗೆ ಮಾತ್ರ ಅದು ಮೂವತ್ತು ಕಿಲೋಮೀಟರು ದೂರದ ಬಾಗಲಕೋಟೆಯ ಮನೆಯಲ್ಲೂ ಬರತೊಡಗಿತು. ದಿಂಬಿನಲ್ಲಿ, ಕೂದಲಲ್ಲಿ, ತೊಳೆದು ಒಣಹಾಕಿದ ದುಪಟ್ಟಾದಲ್ಲಿ. ರಂಜಾನಿನಲ್ಲಿ ಇಳಕಲ್ಲಿಗೆ ಹೋದಾಗ ಅಮ್ಮ ಸಬ್ಜಾ ಬೀಜ ಹಾಕಿದ ಶರಬತ್ತು ಮುಂದಿಟ್ಟರೆ ಲೋಟ ಸರಿಸಿ ಎದ್ದುಬಿಡುತ್ತಿದ್ದಳು.

ಮರುವರ್ಷ, ತೀರಿಕೊಂಡವರ ಗೋರಿಗೆ ಹೋಗಿಬರುವ ಶಬೇ ಬರಾತಿನ ಮಧ್ಯಾಹ್ನ ಅವಳು ಹುಲ್ಲು ನೋಡಲು ಬಂದಾಗ ಗೇಟಿನಲ್ಲಿ ಒಬ್ಬ ಮುದುಕ ನಿಂತಿದ್ದ. ಗುಳೇದಗುಡ್ಡದ ಖಾಸಿಂಸಾಬ, ಕುಪ್ಪಸದ ಖಣ ನೇಯುವವ. ಕೈಯಲ್ಲಿ ನೀರಿನ ಬಾಟಲಿ.

"ಬೇಟಾ, ಈ ತ್ವಾಟಾ ಮಾಡಿದಾಕಿ ನೀನ ಅಂತಲ್ಲ? ಇಲ್ಲೊಂದ್ ಬೇವಿನ ಗಿಡಾ ಇತ್ತು. ಅದರ ಬುಡಕ ನನ್ ಮಗಳು ಆಫ್ರೀನ ಅದಾಳ. ನಾಕ್ ವರ್ಷದಾಕಿ. ಜ್ವರಾ ಬಂದಿತ್ತು, ಬಾದಾಮಿ ದವಾಖಾನಿಗೆ ಒಯ್ಯೂದ್ರಾಗ ಹಾದ್ಯಾಗ ಹೋತು ಕೂಸು. ಹಳ್ಳಾ ಬಂದಿತ್ತು, ತಿರುಗಿ ಊರಿಗೆ ಒಯ್ಯಾಕ ಆಗಲಿಲ್ಲ. ಹೊಲದವರು, ಸೋಮಲಿಂಗಪ್ಪನವರು, ಇಲ್ಲೇ ಮಣ್ಣ ಮಾಡ್ರಿ ಅಂದ್ರು. ವರ್ಷಾ ಬಂದು ನೀರ ಹಾಕಿ ಹೋಗ್ತಿದ್ದೆ. ಈಗ ಗಿಡಾನೂ ಇಲ್ಲ, ಕಲ್ಲೂ ಇಲ್ಲ, ಎಲ್ಲಿ ಅಂತ ತಿಳೀವಲ್ದು. ನೆಲಾ ಅಳದಾಕಿ ನೀನು. ನಿನಗ ಗೊತ್ತಿರಬೇಕಲ್ಲ?"

"ನನಗ ಗೊತ್ತಿಲ್ಲ ಚಾಚಾ. ನಾ ಬರೂದ್ರಾಗ ಎಲ್ಲಾ ಸಾಪ್ ಆಗಿತ್ತು."

ಮುದುಕ ಅವಳ ಮುಖವನ್ನೇ ನೋಡಿದ. "ಇರ್ಲಿ ಬೇಟಾ. ಚಿಂತಿ ಮಾಡಬ್ಯಾಡ," ಎಂದು ಹೋಟೆಲಿನ ಕಂಪೌಂಡ್ ಗೋಡೆಯ ಗುಂಟ ನಡೆದುಹೋದ. ಅವಳು ಒಳಗೆ ಹೋಗಿ ಬಚ್ಚಲಲ್ಲಿ ಕೈ ತೊಳೆದಳು, ಮತ್ತೆ ತೊಳೆದಳು.

ಆಮೇಲೆ ಕೆಲಸಗಳು ಸಾಲುಗಟ್ಟಿ ಬಂದವು. ಮಾಲಿ ಅಂದವರೇ ಮಕ್ಕಳನ್ನು ಕರೆತಂದು, "ಇಂಥಾದ್ ಓದಬೇಕಂದ್ರ ಏನ್ ಮಾಡಬೇಕ್ರಿ?" ಎಂದು ಕೇಳಿದರು. ನಾಲ್ಕು ವರ್ಷ ಹೀಗೇ ಕಳೆಯಿತು. ಐದನೆಯ ವರ್ಷ ಚಂದವ್ವ ಅಂದಳು: "ಆ ಅಜ್ಜಾರು ಈ ಸಲಾ ಬರಲೇ ಇಲ್ರಿ. ವರ್ಷಾ ಬಂದು ಗ್ವಾಡಿ ಹೊರಗ ನೀರ ಹಾಕ್ತಿದ್ರು."

ನಾಹಿದಾ ಗೋಡೆಯ ಹಿಂದೆ ಹೋಗಿ ನೋಡಿದಳು. ಒಂದೇ ಕಡೆ, ಗೋಡೆಗೆ ಆನಿಕೊಂಡು ಸಬ್ಜಾ ದಟ್ಟವಾಗಿ ಬೆಳೆದಿತ್ತು. ಟೇಪು ಹಿಡಿದಳು. ಮೂಡಣ ಗಡಿಗಲ್ಲಿನಿಂದ ಹನ್ನೊಂದು ಮೀಟರ್. ಗೋಡೆಯ ಆಚೆ, ಸರಿಯಾಗಿ ಅದೇ ನೇರಕ್ಕೆ, ಆ ಜಾಗ. ಅಳತೆ ಇದ್ದದ್ದು ಅವಳ ಹಾಳೆಯಲ್ಲಿ ಮಾತ್ರ. ಆ ಮುದುಕನಿಗೆ ಹೇಳಿದವರ್ಯಾರು?

ಮರುದಿನವೇ ಗುಳೇದಗುಡ್ಡಕ್ಕೆ ಹೋದಳು. ಖಾಸಿಂಸಾಬ ತೀರಿಕೊಂಡು ಎರಡು ತಿಂಗಳಾಗಿತ್ತು. ಹೆಂಡತಿ ಬಾನುಬಿ ಮಗ್ಗದ ಪಕ್ಕ ಕುಳಿತು ನೂಲು ಸುತ್ತುತ್ತಿದ್ದಳು. ನಾಹಿದಾ ನಿಂತಲ್ಲೇ ಎಲ್ಲ ಹೇಳಿದಳು, ತಿಕ್ಕಿ ಮೂಸಿ ನೋಡಿದ್ದನ್ನೂ ಬಿಡಲಿಲ್ಲ.

"ಗೊತ್ತೈತಿ, ಕೂಡು," ಎಂದಳು ಬಾನುಬಿ. "ಅವತ್ತ ಬಂದು ಹೇಳಿದ್ರು, ಜಾಗಾ ಸಿಕ್ತು ಅಂತ. ಆ ಹುಡುಗಿ ಬಾಯಿಲೆ ಗೊತ್ತಿಲ್ಲ ಅಂದ್ಲು, ಕಣ್ಣು ಸೀದಾ ಅಲ್ಲೇ ಹೋದ್ವು ಅಂದ್ರು."

"ಮತ್ತ ನನ್ನ ಯಾಕ ಬೈಲಿಲ್ಲ ಖಾಲಾ? ಮಾಲಕರಿಗೆ ಯಾಕ ಹೇಳಲಿಲ್ಲ?"

"ನಾನೂ ಅದನ್ನ ಕೇಳಿದ್ನಿ. ನಮ್ಮ ಆಫ್ರೀನ ಇದ್ದಿದ್ರ ಆಕಿಯಷ್ಟ ಇರ್ತಿದ್ಲು, ಪಾಪ, ಆಕಿ ಕೆಲಸಾ ಹೋದೀತು ಅಂದ್ರು."

ನಾಹಿದಾ ಅಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆಯೇ ಹಳೆಯ ಹಾಳೆಯನ್ನು ಕೃಷ್ಣಾಜಿಯವರ ಮೇಜಿನ ಮೇಲೆ ಹರಡಿ ಎಲ್ಲ ಹೇಳಿದಳು. ಅವರು ಕೇಳಿ ಬಿಳಿಚಿಕೊಂಡರು. "ನಾಕ್ ವರ್ಷ ಅದರ ಮ್ಯಾಲೆ ಮಂಟಪಾ ಹಾಕ್ಸೀಯಲ್ಲಾ ನನ್ನ ಕಡಿಂದ! ಮೊದಲ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?" ಎಂದು ಕೂಗಾಡಿದರು. ಅಂತಿದ್ದರೋ ಇಲ್ಲವೋ, ಅದನ್ನು ಕೇಳಿ ನೋಡಿದವರೇ ಇಲ್ಲವಲ್ಲ. ಹೆದರಿಕೆಗೋ ಮನಸ್ಸು ಕರಗಿಯೋ, ಅಷ್ಟು ಜಾಗದ ಹುಲ್ಲು ಕೀಳಿಸಲು ಒಪ್ಪಿದರು. "ಆ ತಾಯಿ ಯಾವಾಗರೆ ಬರಲಿ. ನೀ ಅಳತಿ ತೋರಿಸಿ ಹೋಗು, ಮತ್ತ ನನ್ನ ಗೇಟಿನೊಳಗ ಕಾಲಿಡಬ್ಯಾಡ." ಸುದ್ದಿ ಹಬ್ಬಿತು. ಮಾತಾಗಿದ್ದ ಎರಡು ದೊಡ್ಡ ಕೆಲಸ ಕೈಬಿಟ್ಟುಹೋದವು. ಹೊಸ ಜಾಗದಲ್ಲಿ ಮಳೆಗೆ ಕಾಯುವ ರೂಢಿ ಬಂದದ್ದು ಅಂದಿನಿಂದಲೇ.

ನಾಹಿದಾ ಬಾನುಬಿಯನ್ನು ಕರೆತಂದು, ಟೇಪು ಹಿಡಿದು ಜಾಗ ತೋರಿಸಿದಳು. ಬಾನುಬಿ ಕುಳಿತು, ಮಗುವನ್ನು ಮಲಗಿಸುವಾಗ ತಟ್ಟುತ್ತಾರಲ್ಲ, ಹಾಗೆ ನೆಲ ತಟ್ಟಿದಳು. ಖಣದ ತುಂಡಿನಲ್ಲಿ ಕಟ್ಟಿ ತಂದ ಬೀಜವನ್ನು ನಾಹಿದಾಳ ಕೈಗಿತ್ತು, "ನೀನ ಹಾಕು," ಎಂದಳು. ಆಮೇಲೆ ಬಗ್ಗಿ ನೆಲಕ್ಕೆ ಹೇಳಿದಳು: "ಆಫ್ರೀನ, ಅಬ್ಬಾನ ದಾರಿ ಕಾಯಬ್ಯಾಡ. ಇನ್ನ ಮ್ಯಾಲೆ ಅಕ್ಕ ಬರ್ತಾಳ."

ಅಕ್ಕ ಬರುತ್ತಾಳೆ. ಈಗಲೂ, ಪ್ರತಿ ಶಬೇ ಬರಾತಿನ ಮಧ್ಯಾಹ್ನ. ಗೇಟಿನೊಳಗೆ ಬಿಡುವುದಿಲ್ಲವಲ್ಲ, ಗೋಡೆಯ ಗುಂಟ ನಡೆದು ಹನ್ನೊಂದು ಮೀಟರಿಗೆ ನಿಲ್ಲುತ್ತಾಳೆ, ಖಾಸಿಂಸಾಬ ನಿಲ್ಲುತ್ತಿದ್ದ ಜಾಗದಲ್ಲೇ, ಬಾಟಲಿಯ ನೀರು ಪೂರಾ ಮುಗಿಯುವವರೆಗೆ.