ಬಿರುಕಿನ ಮೇಲೊಂದು ಗಾಜಿನ ಸ್ಲೈಡು

ಭೂಕಂಪವಾದ ವರ್ಷ ಅಹಮದಾಬಾದಿನಲ್ಲಿ ನಮ್ಮ ಎದುರಿನ ಕಟ್ಟಡ ಕುಸಿದದ್ದನ್ನು ಕಣ್ಣಾರೆ ಕಂಡವಳು ನಾನು. ಅಂದಿನಿಂದ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟ ಕೂಡಲೇ ಗೋಡೆಗೆ ಕೈಯಿಟ್ಟು ನೋಡುತ್ತೇನೆ. ಮನೆಯವರು ನನ್ನ ಕ್ಷೇಮ ವಿಚಾರಿಸುವ ಮೊದಲೇ ನಾನು ಅವರ ಗೋಡೆಯ ಕ್ಷೇಮ ವಿಚಾರಿಸಿ ಮುಗಿಸಿರುತ್ತೇನೆ. ತಂಗಿಯ ಮಗಳು ನನ್ನನ್ನು ಗೋಡೆ ಡಾಕ್ಟರ್ ಎಂದೇ ಕರೆಯುವುದು.

ವಡೋದರಾದಲ್ಲಿ ಜೀವಶಾಸ್ತ್ರ ಓದುವ ಅವಳು ಒಂದು ದಿನ ಫೋನ್ ಮಾಡಿದಳು. ಅವಳ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಅಡಿಪಾಯದಿಂದ ಹೊರಟ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಕಿಟಕಿಯವರೆಗೆ ಏರಿತ್ತು.

"ದೊಡ್ಡಮ್ಮ, ನನ್ನ ಗ್ರೈಂಡರಿಂದಲೇ ಆಗಿದ್ದು ಅಂತ ಮಾಸಿ ಗಲಾಟೆ. ಮನೆ ಖಾಲಿ ಮಾಡು ಅಂತಾರೆ. ಮುಂದಿನ ತಿಂಗಳು ಎಕ್ಸಾಮ್, ಎಲ್ಲಿ ಹೋಗ್ಲಿ?"

ಮಾಸಿ ಎಂದರೆ ಮೇಲಿನ ಮಹಡಿಯಲ್ಲಿರುವ ಮನೆಯೊಡತಿ. ನನಗೆ ಗ್ರೈಂಡರಿಗಿಂತ ಗೋಡೆಯ ಭಯ. ನಮ್ಮ ಸೊಸೈಟಿಯ ಎಂಜಿನಿಯರೊಬ್ಬರಿಗೆ ಅವಳು ಕಳಿಸಿದ ಬಿರುಕಿನ ಫೋಟೋ ತೋರಿಸಿದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ಗೋಡೆ ಸರಿದರೆ ಗಾಜು ಒಡೆಯುತ್ತದೆ, ಒಡೆದರೆ ಹುಡುಗಿ ಆ ಕ್ಷಣವೇ ಹೊರಗೆ ಬರಬೇಕು ಎಂದರು. ಗೋಡೆಯ ಬುಡಕ್ಕೆ ನೀರು ಬೀಳುತ್ತಿದೆಯೇ ನೋಡಿ ಎಂದೂ ಹೇಳಿದರು.

ಶನಿವಾರ ರೈಲು ಹತ್ತಿ ಹೋದೆ. ಗಾಜಿನ ಪಟ್ಟಿಗೆ ಹುಡುಕಾಡುವ ಕೆಲಸವೇ ಬೀಳಲಿಲ್ಲ. ಅವಳ ಬಳಿ ಸೂಕ್ಷ್ಮದರ್ಶಕದ ಸ್ಲೈಡುಗಳಿದ್ದವು. ಒಂದನ್ನು ಬಿರುಕಿನ ಮೇಲೆ ಅಡ್ಡ ಇಟ್ಟು, ಎರಡು ತುದಿಗಳನ್ನೂ ಪ್ಲಾಸ್ಟರಿನಿಂದ ಗೋಡೆಗೆ ಅಂಟಿಸಿದೆವು.

ಭಾನುವಾರ ಪ್ಲಾಸ್ಟರು ಗಟ್ಟಿಯಾದ ಮೇಲೆ ಮಾಸಿ ಪ್ಲಾಸ್ಟಿಕ್ ಕುರ್ಚಿ ತಂದು ಗೋಡೆಯೆದುರು ಕೂತರು. ಕೈಯಲ್ಲಿ ಹಪ್ಪಳದಂಥ ಗರಿಗರಿ ಖಾಖ್ರಾ.

"ಚಾಲೂ ಕರ್, ಬೇಟಾ," ಎಂದು ಅಪ್ಪಣೆಯಾಯಿತು.

ಹುಡುಗಿ ಉದ್ದು ಹಾಕಿದಳು. ಗ್ರೈಂಡರ್ ಗರಗರ ತಿರುಗಿತು. ಮೂವರೂ ಸ್ಲೈಡನ್ನು ನೋಡುತ್ತ ಕೂತೆವು. ಹಿಟ್ಟು ಉಬ್ಬಿ ಬಂತು, ಖಾಖ್ರಾ ಮುಗಿಯಿತು, ಗಾಜಿಗೆ ಏನೂ ಆಗಲಿಲ್ಲ. ಮಾಸಿಯ ಮುಖ ಸಪ್ಪಗಾಯಿತು.

"ನಿಮ್ಮ ಗಾಜು ಬಹಳ ದಪ್ಪ, ಬೆಹನ್," ಎಂದು ನನಗೆ ಹಿಂದಿಯಲ್ಲಿ ಅಂದು ಹಿತ್ತಲಿಗೆ ನಡೆದರು.

ನಾನೂ ಹಿಂದೆಯೇ ಹೋದೆ. ಬಿರುಕು ಬಿಟ್ಟ ಗೋಡೆಗೆ ಒತ್ತಿಕೊಂಡು ಒಂದು ಕರಿಬೇವಿನ ಗಿಡ ಸೊಂಪಾಗಿ ಬೆಳೆದಿತ್ತು. ಮೇಲಿನ ಮಹಡಿಯ ವಾಷಿಂಗ್ ಮಶೀನಿನ ಪೈಪು ಅದರ ಬುಡಕ್ಕೇ ಇಳಿದಿತ್ತು. ಅಲ್ಲಿ ಕಪ್ಪು ಮಣ್ಣು ಕೆಸರಾಗಿ ಊದಿಕೊಂಡಿತ್ತು. ಸ್ವಲ್ಪ ಆಚೆ ಅದೇ ಮಣ್ಣು ಬೆರಳು ತೂರುವಷ್ಟು ಬಾಯಿಬಿಟ್ಟಿತ್ತು. ಅಡಿಪಾಯವನ್ನು ಒಂದು ಕಡೆ ನೆನೆದ ಮಣ್ಣು ಎತ್ತುತ್ತಿತ್ತು, ಇನ್ನೊಂದು ಕಡೆ ಒಣಗಿದ ಮಣ್ಣು ಕೈಬಿಡುತ್ತಿತ್ತು. ಪೈಪನ್ನೂ ಗಿಡವನ್ನೂ ಇಲ್ಲಿಂದ ತೆಗೆಸಬೇಕು ಎಂದೆ.

"ಗಿಡ ಕೀಳಬೇಕಾ?" ಮಾಸಿ ಹೌಹಾರಿದರು. "ಕರಿಬೇವಿಲ್ಲದೆ ಮಜ್ಜಿಗೆ ಕಢಿ ಮಾಡೋದು ಹೇಗೆ?"

"ನನ್ನ ಸಾರೂ ಆಗಲ್ಲ, ಮಾಸಿ!" ಹಿಂದೆಯೇ ಬಂದಿದ್ದ ತಂಗಿಯ ಮಗಳು ಅವರ ಪಕ್ಷ ಸೇರಿಬಿಟ್ಟಳು. ಮನೆ ಖಾಲಿ ಮಾಡು ಎಂದವರ ಜೊತೆ ನಿಂತು ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು.

ಗಿಡ ದೊಡ್ಡ ಕುಂಡಕ್ಕೆ ಹೋಗಬೇಕು, ಪೈಪು ಬೀದಿಯ ಚರಂಡಿಗೆ ಎಂದು ತೀರ್ಮಾನವಾಯಿತು. ಗಾಜು ಒಡೆಯದಿದ್ದರೆ ಹುಡುಗಿ ಪರೀಕ್ಷೆ ಮುಗಿಯುವವರೆಗೆ ಇರಬಹುದೆಂದು ಮಾಸಿ ಒಪ್ಪಿದರು. ಹಾಸಿಗೆಯನ್ನು ಮುಂದಿನ ಕೋಣೆಗೆ ಎಳೆಸಿ ನಾನು ಊರಿಗೆ ಮರಳಿದೆ.

ಆಮೇಲೆ ದಿನಾ ಬೆಳಿಗ್ಗೆ ಸ್ಲೈಡಿನ ಫೋಟೋ ಬರುತ್ತಿತ್ತು. ಅದನ್ನು ದೊಡ್ಡದು ಮಾಡಿ ಅಂಚಿನಿಂದ ಅಂಚಿಗೆ ನೋಡಿದ ಮೇಲೆಯೇ ನನ್ನ ಚಹಾ.

ಮೊದಲ ಪರೀಕ್ಷೆಯ ದಿನ ಫೋಟೋ ತಡವಾಯಿತು. ಬಂದಾಗ ಗಾಜಿನ ನಡುವೆ ಕೆಂಪು ಕಲೆ! ನನ್ನ ಕೈ ತಾನಾಗಿ ಪಕ್ಕದ ಗೋಡೆಗೆ ಹೋಯಿತು. ಕೂಡಲೇ ಫೋನ್ ಮಾಡಿದೆ.

"ಕುಂಕುಮ, ದೊಡ್ಡಮ್ಮ. ಎಕ್ಸಾಮ್ ಅಂತ ಮಾಸಿ ನನಗೆ ಮೊಸರು ಸಕ್ಕರೆ ತಿನ್ನಿಸಿ ಹಣೆಗಿಟ್ಟರು. ಗಾಜಿಗೂ ದಿನಾ ಪರೀಕ್ಷೆ ತಾನೆ ಅಂತ ಅದೇ ಬೆರಳಲ್ಲಿ ಅದಕ್ಕೂ ಇಟ್ಟರು."

"ಅದರ ಕೆಳಗೆ ಒಡೆದಿದ್ದರೆ ಕಾಣೋದಿಲ್ಲ. ಒರೆಸಿ ಇನ್ನೊಂದು ಕಳಿಸು."

"ಕುಂಕುಮ ಒರೆಸಿದ್ರೆ ಇವತ್ತೇ ಮನೆ ಬಿಡಿಸ್ತಾರೆ! ಪಕ್ಕದಿಂದ ಟಾರ್ಚ್ ಬಿಟ್ಟು ತೆಗೀತೀನಿ ಇರಿ."

ತೆಗೆದು ಕಳಿಸಿದಳು. ಬೆಳಕು ಗಾಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲೂ ತುಂಡಾಗದೆ ಹಾದುಹೋಗಿತ್ತು. ಹೊರಡು, ಆಟೋ ಸಿಗಲಿಕ್ಕಿಲ್ಲ ಎಂದೆ. ಗೋಡೆಯಿಂದ ಕೈ ತೆಗೆದು ಚಹಾಕ್ಕೆ ನೀರಿಟ್ಟೆ.