ನಾಲ್ಕನೆಯ ಚೆಂಡು

ಫಿಲ್ ಡನ್ಫಿಯ ಕುದುರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಮ್ಯಾಲಕಿ ಟೋಬಿನ್ ತನ್ನ ಕುಲುಮೆಯಲ್ಲಿ, ಆಗಷ್ಟೇ ಲಾಳ ಹೊಡೆದ ಗೊರಸಿಗೆ ಅರ ಹಾಕುತ್ತಿದ್ದ. ಅಪ್ಪನನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು. ಫಿಲ್ ಊರ ಹರ್ಲಿಂಗ್ ತಂಡದ ನಾಯಕ; ಹರ್ಲಿಂಗ್ ಅಂದರೆ ಕೋಲಿನಿಂದ ಚೆಂಡು ಹೊಡೆಯುವ ಐರಿಷ್ ಆಟ. ಕುದುರೆ ನೆಪ ಮಾತ್ರ.

"ಇವತ್ತು ಸಂಜೆ ಸಂಘದ ಕಮಿಟಿ ಕೇಳುತ್ತೆ," ಎಂದ ಫಿಲ್. " ಬೇಲಿ ಸರಿಮಾಡೋಕೆ ಹೋಗಿದ್ದೆ ಅಂದ್ಬಿಡು."

"ಬ್ಯಾಟ್ ಹಿಡ್ಕೊಂಡು ಬೇಲಿ ಸರಿಮಾಡ್ತಾರೇನೋ?"

"ನೀನು ಇಕ್ಕಳ ಹಿಡ್ಕೊಂಡೂ ಆಡೋನು, ಮಾರಾಯ. ತಮಾಷೆ ಬಿಡು. ಭಾನುವಾರ ಫೈನಲ್."

ಹದಿನಾರು ವರ್ಷಗಳ ನಂತರ ಊರಿಗೆ ಸಿಕ್ಕಿದ್ದ ಜಿಲ್ಲಾ ಫೈನಲ್ ಅದು. ಮ್ಯಾಲಕಿಗೆ ಮೊದಲನೆಯದು. ವಯಸ್ಸು ಇಪ್ಪತ್ತೊಂಬತ್ತು. ಕೆಲಸದ ಬೂಟಿನಲ್ಲೇ ಎತ್ತರ ಜಿಗಿತ ಗೆದ್ದವನು. ಗುಂಡೆಸೆತದಲ್ಲಿ, ಗೋಡೆಗೆ ಚೆಂಡು ಹೊಡೆಯುವ ಆಟದಲ್ಲಿ ಅವನಿಗೆ ಸುತ್ತಲಿನ ಮೂರು ಊರುಗಳಲ್ಲಿ ಎದುರಾಳಿ ಇರಲಿಲ್ಲ. ಕ್ರಿಕೆಟ್ಟೊಂದನ್ನು ಮಾತ್ರ ಬಿಟ್ಟಿದ್ದ. ಇಂಗ್ಲಿಷರ ಆಟ ಆಡಿದವನು ಐರಿಷ್ ಆಟ ಆಡುವಂತಿಲ್ಲ ಎಂದು ಹರ್ಲಿಂಗ್ ಸಂಘ ಕಾನೂನು ಮಾಡಿದ ದಿನವೇ ಬ್ಯಾಟು ಬೀರುವಿನ ಮೇಲೆ ಹೋಗಿತ್ತು. ಅಪ್ಪ ನೆಡ್, ಮೂವತ್ತು ವರ್ಷ ಊರಿಗೆ ಬೌಲಿಂಗ್ ಮಾಡಿದವನು, ಆಗ ಒಂದು ಮಾತೂ ಆಡಿರಲಿಲ್ಲ.

ಕಳೆದ ಶನಿವಾರ ಮನೆಯ ಹಿಂದಿನ ಮೈದಾನದಲ್ಲಿ ಜಮೀನ್ದಾರರ ತಂಡ ಆಡುತ್ತಿತ್ತು. ಎರಡು ತಿಂಗಳಿಂದ ಎದೆರೋಗದಲ್ಲಿ ಮಲಗಿದ್ದ ನೆಡ್ ಕಿಟಕಿ ತೆಗೆಸಿದ.

"ಲೋ, ಬ್ಯಾಟ್ ಇಳಿಸೋ. ಒಂದೇ ಒಂದು ಓವರ್ ಆಡು. ಎದ್ದು ನೋಡೋಕಂತೂ ಆಗಲ್ಲ, ಸದ್ದಾದ್ರೂ ಕೇಳ್ತೀನಿ."

ಮ್ಯಾಲಕಿ ಹೋದ, ಆರು ಚೆಂಡು ಆಡಿದ, ಬಂದ. ಕಾನೂನು ಮುರಿಯುವವರನ್ನು ಪತ್ತೆ ಹಚ್ಚಲು ಸಂಘ ಇಟ್ಟಿದ್ದ ಕಾವಲಿನವನೊಬ್ಬ ಬೇಲಿಯಾಚೆ ನಿಂತು ಹೆಸರು ಬರೆದುಕೊಂಡ. ಒಳಗೆ ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ: "ನಾಲ್ಕನೇದು ಚೆನ್ನಾಗಿ ತಾಕ್ತು. ಐದನೇದಕ್ಕೆ ಕಾಲು ತಡ ಮಾಡಿದೆ ಕಣೋ." ಸೋಮವಾರ ಬೆಳಿಗ್ಗೆ ತೀರಿಕೊಂಡ.

"ಕಾವಲಿನವನು ದೂರದಿಂದ ನೋಡಿದ್ದು," ಎಂದ ಫಿಲ್. "ನಿನ್ನ ಮಾತನ್ನೇ ನಂಬ್ತಾರೆ. ಹತ್ತಿರದಿಂದ ಕೇಳಿಸ್ಕೊಂಡಿದ್ದ ನಿಮ್ಮಪ್ಪನೂ ಈಗಿಲ್ಲ."

ಮ್ಯಾಲಕಿ ಕುದುರೆಯ ಕಾಲು ಕೆಳಗಿಳಿಸಿದ. "ಅವನಿಲ್ಲ ಅಂತ, ಅವನು ಕೇಳಿದ್ದೂ ಸುಳ್ಳು ಅಂತ ನಾನೇ ಹೇಳ್ಲಾ?"

"ಊರಿನ ಹುಡುಗರ ಮುಖ ನೋಡೋ."

"ದಿನಾ ನೋಡ್ತೀನಿ." ಒಂದೇ ಕಾಲಿಗೆ ಲಾಳವಾಗಿದ್ದ ಕುದುರೆಯನ್ನು ಫಿಲ್ ಬಿಚ್ಚಿಕೊಂಡು ಹೊರಟ.

ಸಂಜೆ ಶಾಲೆಯ ಕೋಣೆಯಲ್ಲಿ ಕಮಿಟಿಯ ಐವರು ಕೂತಿದ್ದರು. ಅಧ್ಯಕ್ಷರು ಮೊದಲು ನೆಡ್‌ನ ಆತ್ಮಕ್ಕಾಗಿ ಪ್ರಾರ್ಥನೆ ಹೇಳಿಸಿದರು. ಆಮೇಲೆ, ತಲೆ ಎತ್ತದೆ, "ಬೇಲಿ ಕೆಲಸಕ್ಕೆ ಹೋಗಿದ್ದೆ ಅಲ್ವೇನಪ್ಪ?" ಎಂದರು.

"ಇಲ್ಲ. ಆರು ಚೆಂಡು ಆಡಿದೆ," ಎಂದ ಮ್ಯಾಲಕಿ. "ನಾಲ್ಕನೇದು ಬೇಲಿ ದಾಟ್ತು."

ಎರಡು ವರ್ಷ ನಿಷೇಧ. ಕೈ ಎತ್ತಿದವರಲ್ಲಿ ಇಬ್ಬರು ಹಿಂದಿನ ದಿನ ಅವನ ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು.

ಭಾನುವಾರ ಫೈನಲ್ ನೋಡಲು ಊರೆಲ್ಲ ರೈಲು ಹತ್ತಿ ಕಿಲ್ಕೆನಿ ಪಟ್ಟಣಕ್ಕೆ ಹೋಯಿತು. ಮ್ಯಾಲಕಿ ಬ್ಯಾಟನ್ನು ಒರೆಸಿ ಮತ್ತೆ ಬೀರುವಿನ ಮೇಲಿಟ್ಟ. ತಂಡ ಒಂದು ಗೋಲಿನಿಂದ ಸೋತಿತು.

ಸೋಮವಾರ ಫಿಲ್ ತನ್ನ ಕುದುರೆಯನ್ನು ಉಳಿದ ಮೂರು ಕಾಲಿನ ಲಾಳಕ್ಕಾಗಿ ಪಕ್ಕದ ಊರಿನ ಕುಲುಮೆಗೆ ಹೊಡೆದುಕೊಂಡು ಹೋದ.